ಕೂಸಿಗೊಂದು ಎದೆಬಡಿತ

ಹೊಟ್ಟೆಯಲ್ಲಿರಬೇಕಾದ ಕೂಸು ಹುಬ್ಬಳ್ಳಿಯಲ್ಲಿತ್ತು. ಅದನ್ನು ಹೊರಬೇಕಾದ ತಾಯಿ ರಾಣೆಬೆನ್ನೂರಿನಲ್ಲಿ ಹೊರಸಿನ ಮೇಲೆ ಕೂತು, ತಲೆಗೆ ಸ್ಕಾರ್ಫ್ ಕಟ್ಟಿಕೊಂಡು, ಬಾಣಂತಿಯರಿಗೆ ಕೊಡುವ ಅಳ್ವಿ ಬೀಜದ ಪಾಯಸ ಕುಡಿಯುತ್ತಿದ್ದಳು. ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ಲೊಚಗುಟ್ಟುತ್ತಿದ್ದರು. ಬಾಣಂತಿಯನ್ನು ಮಾತಾಡಿಸಲು ಬಂದ ಓಣಿಯ ಹೆಂಗಸರಿಗೆ ತೋರಿಸಲು ತೊಟ್ಟಿಲು ಎಲ್ಲಿಂದ ಬರಬೇಕು? ಕಸ್ತೂರಿ ಮೊಬೈಲು ತೋರಿಸುತ್ತಿದ್ದಳು. ಅದರಲ್ಲಿ ತಿಳಿ ನೀರು ತುಂಬಿದ ಚೀಲ, ಚೀಲದೊಳಗೆ ಅಂಗೈ ಮೇಲೆ ಹಿಡಿಸುವಷ್ಟು ಹೆಣ್ಣು ಕೂಸು.

“ಇದೇನ ಯವ್ವಾ, ಮೀನಿನಂಗ ಐತಲ್ಲ,” ಎಂದು ಒಬ್ಬಾಕೆ ಬಾಯಿತಪ್ಪಿ ಅಂದುಬಿಟ್ಟಳು. ಬಾಣಂತನಕ್ಕೆಂದು ಬಂದು ಕೂತಿದ್ದ ಕಸ್ತೂರಿಯ ತಾಯಿ ಬಸವಣ್ಣೆವ್ವ ಆಕೆಗೆ ಚಹಾ ಕೂಡ ಕೊಡದೆ ಸಾಗಹಾಕಿದಳು.

ಕಸ್ತೂರಿ ಪ್ರಾಥಮಿಕ ಶಾಲೆಯ ಟೀಚರ್. ಆರನೇ ತಿಂಗಳಲ್ಲಿ ಕಾಲು ಊದಿದಾಗ ದಿನವಿಡೀ ನಿಂತು ಪಾಠ ಮಾಡಿದ್ದಕ್ಕೆ ಅಂದುಕೊಂಡಿದ್ದಳು. ತಲೆನೋವು ಬಂದಾಗ ಮಕ್ಕಳ ಗದ್ದಲಕ್ಕೆ ಅಂದುಕೊಂಡಳು. ಎರಡೂ ಅಲ್ಲ, ಬಸಿರಿನಲ್ಲಿ ಏರುವ ಬಿ.ಪಿ. ಎಂದು ಗೊತ್ತಾದದ್ದು ಒಂದು ದಿನ ಮೂರನೇ ತರಗತಿಯಲ್ಲಿ ಬೋರ್ಡಿನ ಮುಂದೆಯೇ ಬಿದ್ದು ಕೈಕಾಲು ಸೆಟೆದಾಗ. ಹುಬ್ಬಳ್ಳಿಗೆ ಒಯ್ದರು. ಕೂಸನ್ನು ಈಗಲೇ ತೆಗೆಯದಿದ್ದರೆ ಇಬ್ಬರೂ ಉಳಿಯುವುದಿಲ್ಲ ಎಂದರು ಡಾಕ್ಟರು. ಹಿಂದಿನ ಕಾಲವಾಗಿದ್ದರೆ ಆ ವಯಸ್ಸಿನ ಕೂಸಿನ ಆಸೆ ಬಿಡಬೇಕಿತ್ತು. ಈಗ ಮಡಿಲು ಇತ್ತು.

ಮಡಿಲು ಎಂದರೆ ಮಾಯೆಯೇನಲ್ಲ. ಮೈಯಷ್ಟೇ ಬೆಚ್ಚಗಿನ ನೀರಿನ ಚೀಲ. ಕೂಸಿನ ಹೊಕ್ಕಳ ಬಳ್ಳಿಯನ್ನು ಒಂದು ಯಂತ್ರಕ್ಕೆ ಜೋಡಿಸಿರುತ್ತಾರೆ, ಉಸಿರೂ ಊಟವೂ ಅದರಿಂದಲೇ ಹೋಗುತ್ತದೆ. ಮೊದಮೊದಲು ಈ ಚೀಲಗಳಲ್ಲಿ ಬೆಳೆದ ಮಕ್ಕಳಿಗೆ ತಾಯಿಯ ಎದೆಬಡಿತದ ರೆಕಾರ್ಡು ಕೇಳಿಸುತ್ತಿದ್ದರಂತೆ. ಮೈ ಬೆಳೆಯಿತು, ಆದರೆ ಹೊರಗೆ ಬಂದ ಮೇಲೆ ಆ ಮಕ್ಕಳು ಯಾರ ಕಡೆಗೂ ಮುಖ ತಿರುಗಿಸುತ್ತಿರಲಿಲ್ಲ. ಕಾರಣ ಸಿಗಲು ವರ್ಷಗಳೇ ಹಿಡಿದವು. ಹೊಟ್ಟೆಯೊಳಗಿನ ಕೂಸು ಒದ್ದರೆ ತಾಯಿಯ ಎದೆ ಒಂದು ಗಳಿಗೆ ಜೋರಾಗುತ್ತದೆ. ಅದೇ ಕೂಸಿಗೆ ಸಿಗುವ ಉತ್ತರ. ರೆಕಾರ್ಡು ಉತ್ತರ ಕೊಡುವುದಿಲ್ಲ. ಎಷ್ಟು ಕರೆದರೂ ಯಾರೂ ಓಗೊಡದ ಮನೆಯಲ್ಲಿ ದೊಡ್ಡವರೇ ಕರೆಯುವುದನ್ನು ಬಿಟ್ಟುಬಿಡುತ್ತಾರೆ, ಇನ್ನು ಕೂಸಿನ ಪಾಡೇನು.

ಹಾಗೆ ಬಂದದ್ದು ಪಟ್ಟಿ. ಸೊಂಟಪಟ್ಟಿಗಿಂತ ಸ್ವಲ್ಪ ಅಗಲ, ಒಳಗೆ ಮೆತ್ತಗಿನ ರಬ್ಬರು. ಕಟ್ಟಿಕೊಂಡವಳ ಎದೆಬಡಿತ, ಉಸಿರು, ದನಿ ಇದ್ದದ್ದಿದ್ದ ಹಾಗೆ ಹುಬ್ಬಳ್ಳಿಯ ಚೀಲಕ್ಕೆ ಹೋಗುತ್ತವೆ. ಅಲ್ಲಿ ಕೂಸು ಒದ್ದರೆ ಇಲ್ಲಿ ಪಟ್ಟಿ ಹೊಟ್ಟೆಯನ್ನು ಒತ್ತುತ್ತದೆ.

ಕಸ್ತೂರಿ ಐಸಿಯುನಲ್ಲಿ ಎಚ್ಚರವಿಲ್ಲದೆ ಮಲಗಿದ್ದಾಗ ಆ ಪಟ್ಟಿಯನ್ನು ಕಟ್ಟಿಕೊಂಡವಳು ಶಿವಲೀಲಾ. ಗಂಡ ಮಹಾಂತೇಶನ ಅಣ್ಣನ ಹೆಂಡತಿ, ಕಸ್ತೂರಿಗೆ ನೆಗೆಣ್ಣಿ. ತಾಯಿ ಏಳುವತನಕ ಮನೆಯ ಹೆಂಗಸೊಬ್ಬರು ಕಟ್ಟಿಕೊಳ್ಳಬಹುದು ಎಂದು ಹುಬ್ಬಳ್ಳಿಯ ಮಡಿಲು ಕೇಂದ್ರದವರು ಅಂದಾಗ ಉಳಿದವರು ಒಬ್ಬರ ಮುಖ ಒಬ್ಬರು ನೋಡಿದರು. ಶಿವಲೀಲಾ ಆಗಲೇ ಸೆರಗು ಸರಿಸಿ ನಿಂತಿದ್ದಳು. ಆಕೆಗೆ ಬಸಿರು ನಿಲ್ಲುತ್ತಿರಲಿಲ್ಲ. ನಿಂತದ್ದೆಲ್ಲ ಕೂಸು ಅಲುಗಾಡುವ ತಿಂಗಳಿಗೂ ಮೊದಲೇ ಹೋಗಿತ್ತು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ, ಬೇರೆಯವರದಾದರೂ, ಆಕೆಯ ಹೊಟ್ಟೆಗೆ ಮೊದಲ ಸಲ ಒಂದು ಕೂಸು ಒದ್ದಿತು. ಆ ದಿನ ಆಕೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತಳು ಎಂದು ಮಹಾಂತೇಶ ಆಮೇಲೆ ಹೇಳಿದ.

ಕಸ್ತೂರಿ ಮನೆಗೆ ಬಂದ ದಿನ ಶಿವಲೀಲಾ ತಾನೇ ಪಟ್ಟಿ ಬಿಚ್ಚಿ, ಸೆರಗಿನಿಂದ ಒರೆಸಿ, ಕಸ್ತೂರಿಯ ಹೊಟ್ಟೆಗೆ ಕಟ್ಟಿದಳು. ಕಟ್ಟಿದ ಮೇಲೂ ತುದಿ ಹಿಡಿದುಕೊಂಡೇ ನಿಂತಿದ್ದಳು.

“ಎಡಗಡೆ ಜಾಸ್ತಿ ಒದೀತೈತಿ ನೋಡ ತಂಗಿ. ನಾವು ಉಂಡು ಕುಂತ್ವಿ ಅಂದ್ರ ಅದರದು ಚಾಲೂ ಆಗತೈತಿ. ಕೈಯಿಂದ ಹಿಂಗ ಸವರು, ಸುಮ್ಮನಾಕ್ಕತಿ.”

“ಆತು ಬಿಡಕ್ಕ,” ಎಂದಳು ಕಸ್ತೂರಿ. ಬಾಯಲ್ಲಿ ಅಷ್ಟೇ ಅಂದದ್ದು. ನನ್ನ ಕೂಸು ಯಾವ ಕಡೆ ಒದೆಯುತ್ತದೆ ಎಂಬುದನ್ನು ಇನ್ನೊಬ್ಬಳಿಂದ ಕೇಳಿ ತಿಳಿಯುವ ಗತಿ ಬಂತಲ್ಲ ಎಂದು ಒಳಗೆ ಚುಳ್ಳೆಂದಿತು.

ಸಂಜೆಯೊಳಗೆ ಕೂಸು ಒದ್ದಿತು. ಕಸ್ತೂರಿಯ ಕೈಯಲ್ಲಿದ್ದ ಚಹಾದ ಕಪ್ಪು ಹೊರಸಿನ ಮೇಲೆ ಚೆಲ್ಲಿತು. ಆಕೆ ನಕ್ಕಳು, ಅತ್ತಳು, ಗಂಡನನ್ನು ಕೂಗಿದಳು. ಮೋಟಾರು ಸುತ್ತುವ ಅಂಗಡಿಯಿಂದ ಕೈಯಲ್ಲಿ ತಾಮ್ರದ ತಂತಿ ಹಿಡಿದುಕೊಂಡೇ ಓಡಿಬಂದ ಮಹಾಂತೇಶ ಏನಾಯಿತೋ ಎಂದು ಬಿಳಿಚಿಕೊಂಡಿದ್ದ. ಅವಳು ಬೆಳಿಗ್ಗೆ ಹಿಂಡಿಟ್ಟ ಹಾಲನ್ನು ಐಸ್ ಡಬ್ಬಿಯಲ್ಲಿಟ್ಟು ದಿನಾ ರೈಲಿನಲ್ಲಿ ಹುಬ್ಬಳ್ಳಿಗೆ ಮುಟ್ಟಿಸಿ ಬರುತ್ತಿದ್ದವನು ಅವನೇ. ಕೂಸು ಹೊರಗೆ ಬಂದ ಮೇಲೆ ಬೇಕಾಗುತ್ತದೆ ಎಂದು ಕೇಂದ್ರದಲ್ಲಿ ಅದನ್ನು ಕೂಡಿಡುತ್ತಿದ್ದರು. ತನ್ನ ಹಾಲು ಕೂಡಿಟ್ಟಿದೆ, ತನ್ನ ಎದೆಬಡಿತ ಹೋಗುತ್ತಿದೆ, ಇನ್ನೇನು ಬೇಕು ಎಂದು ಕಸ್ತೂರಿ ಅಂದುಕೊಂಡಳು.

ಎರಡು ದಿನಕ್ಕೆ ಕೇಂದ್ರದಿಂದ ಫೋನು ಬಂತು. ಮಡಿಲುಗಳ ಉಸ್ತುವಾರಿ ಡಾಕ್ಟರು ಫರ್ಹಾನಾ ಮುಲ್ಲಾ. ಮೊಬೈಲಿನ ಪರದೆಯಲ್ಲಿ ಆಕೆಯ ಬೆನ್ನ ಹಿಂದೆ ಚೀಲಗಳ ಸಾಲು, ಪ್ರತಿಯೊಂದರ ಮೇಲೂ ಕೂಸಿನ ಎದೆಬಡಿತದ ಹಸಿರು ಗೆರೆ ಓಡುವ ಟಿ.ವಿ.

“ಕಸ್ತೂರಿಯವರ, ಪಟ್ಟಿ ಸರಿಯಾಗಿ ಕಟ್ಟೀರಿಲ್ಲ? ಕೂಸು ಭಾಳ ಗಾಬರಿ ಬೀಳಾಕತ್ತೈತ್ರಿ. ಕೈಕಾಲು ಬಡೀತೈತಿ. ಅದರ ಎದಿ ಓಡತೈತಿ. ತೂಕ ಏರವಲ್ದು.”

ಪಟ್ಟಿ ಬಿಚ್ಚಿ ಕಟ್ಟಿದರು. ಬೇರೆ ಪಟ್ಟಿ ತರಿಸಿದರು. ಕೂಸು ಒದೆಯುವುದು ಹೆಚ್ಚೇ ಆಯಿತು. ಕಸ್ತೂರಿ ಆ ಒದೆತಗಳನ್ನೆಲ್ಲ ಪ್ರೀತಿ ಅಂದುಕೊಂಡು ಸವರುತ್ತಿದ್ದಳು. ಅದು ಗಾಬರಿ ಎಂದು ತಿಳಿದ ಮೇಲೆ ಪ್ರತಿ ಒದೆತಕ್ಕೂ ಅವಳ ಜೀವ ಬಾಯಿಗೆ ಬರುತ್ತಿತ್ತು.

ಕೊನೆಗೆ ಫರ್ಹಾನಾ ಅಳುಕುತ್ತಲೇ ಹೇಳಿದಳು. “ಐಸಿಯುನಾಗಿದ್ದಾಗ ಕೂಸು ಇನ್ನೊಬ್ರ ಎದಿಗೆ ಹೊಂದಿಕೊಂಡೈತಿ ಅನ್ನಸ್ತೈತ್ರಿ. ದಿನದಾಗ ಸ್ವಲ್ಪ ಹೊತ್ತು ಶಿವಲೀಲಾ ಅವರಿಗೆ ಕಟ್ಟಿ ನೋಡೋಣು. ನಿಮ್ಮ ಕೂಸಿನ ಸಲುವಾಗಿ.”

ಶಿವಲೀಲಾಳಿಗೆ ಕಟ್ಟಿದರು. ಅಡಿಗೆಮನೆಯ ಬಾಗಿಲಿಗೆ ಒರಗಿ ಆಕೆ ಉಸಿರು ಬಿಗಿಹಿಡಿದು ನಿಂತಳು. ಫರ್ಹಾನಾ ಮೊಬೈಲನ್ನು ಟಿ.ವಿ. ಕಡೆ ತಿರುಗಿಸಿದಳು. ಏರಿಳಿದು ಕುಣಿಯುತ್ತಿದ್ದ ಗೆರೆ ಎಲ್ಲರ ಕಣ್ಣೆದುರೇ ನಿಧಾನಕ್ಕೆ ಸಮನಾಯಿತು. ಚೀಲದೊಳಗಿನ ಕೂಸು ಮುಷ್ಟಿ ಬಿಚ್ಚಿತು. ಬಸವಣ್ಣೆವ್ವ “ಬಸವಾ” ಎಂದು ಕೈಮುಗಿದಳು. ಯಾರೂ ಕಸ್ತೂರಿಯ ಕಡೆ ನೋಡಲಿಲ್ಲ. ಅದಕ್ಕಿಂತ ನೋಡಿದ್ದರೇ ಚೆನ್ನಾಗಿತ್ತು.

ಶಿವಲೀಲಾಳ ಮುಖದಲ್ಲಿ ಆಗ ಒಂದು ನಗು ಬಂತು. ಮುಚ್ಚಿಕೊಳ್ಳಬೇಕು ಎಂದು ಆಕೆ ತಲೆ ತಗ್ಗಿಸಿದ್ದೂ ಕಸ್ತೂರಿಗೆ ಕಂಡಿತು. ಮಧ್ಯಾಹ್ನ ಪಟ್ಟಿ ತಿರುಗಿ ಕೊಡಲು ಬಂದಾಗ ಕಸ್ತೂರಿ ತಡೆಯಲಾರದೆ ಅಂದಳು.

“ಭಾಳ ಚಂದ ಮಲಗತೈತಲ್ಲಕ್ಕ ನಿನ್ನ ಹತ್ರ.”

“ಹಂಗ್ಯಾಕ ಅಂತೀ ತಂಗಿ.”

“ನಾ ಸಾಯಾಕ ಬಿದ್ದಾಗ ನನ್ನ ಕೂಸಿಗೆ ನಿನ್ನ ರೂಢಿ ಹಚ್ಚೀದಿ. ನಿನಗ ಆಗಲಿಲ್ಲಂತ ನಂದು ಕಸಕೊಂಡಿ.”

 ಶಿವಲೀಲಾ ಪಟ್ಟಿಯನ್ನು ಹೊರಸಿನ ಮೇಲಿಟ್ಟಳು. ಜಗಳವಾಡಲಿಲ್ಲ, ಅಳಲಿಲ್ಲ. ಒಂದು ಬ್ಯಾಗಿನಲ್ಲಿ ಸೀರೆ ತುಂಬಿಕೊಂಡು ಸವಣೂರಿನ ತವರಿಗೆ ಹೊರಟಳು. ನಡುಮನೆಯಲ್ಲಿ ಬಸವಣ್ಣೆವ್ವ ತಡೆದಾಗ, “ನಾ ಎದುರಿಗಿದ್ರ ಆಕಿಗೆ ಸಂಕಟ ಬೇ, ಸಂಕಟದ ಎದಿ ಕೂಸಿಗೆ ಕೇಳಸ್ತೈತಿ,” ಎಂದಷ್ಟೇ ಹೇಳಿದಳು. ಒಳಗಿದ್ದ ಕಸ್ತೂರಿಗೆ ಅದು ಕೇಳಿತು. ತಡೆಯಬೇಕೆಂದು ಅನ್ನಿಸಲಿಲ್ಲ.

ಅಂದಿನಿಂದ ಅವಳು ಪಟ್ಟಿಯನ್ನು ಯಾರ ಕೈಗೂ ಕೊಡಲಿಲ್ಲ. ಬಸವಣ್ಣೆವ್ವ ದಿನಾ ಎಣ್ಣೆ ಹಚ್ಚಿ, ಮೈ ಕೆಂಪಾಗುವಷ್ಟು ಬಿಸಿ ನೀರು ಹಾಕಿ, ಹಳೆಯ ಸೀರೆಯನ್ನು ಮಡಚಿ ಮಗಳ ಹೊಟ್ಟೆಯನ್ನು ಎಳೆದು ಕಟ್ಟುತ್ತಿದ್ದಳು. ಪಟ್ಟಿ ಒಳಗೆ, ಸೀರೆ ಮೇಲೆ. ಕಟ್ಟದಿದ್ದರೆ ಹೊಟ್ಟೆಯೊಳಗೆ ಗಾಳಿ ಸೇರಿ ಜನ್ಮಪೂರ್ತಿ ಡೊಳ್ಳಾಗುತ್ತದೆ ಎಂಬುದು ಆಕೆ ತನ್ನ ತಾಯಿಯಿಂದ ಕಲಿತದ್ದು.

“ಯವ್ವಾ, ದಮ್ಮು ಹತ್ತತೈತಿ.”

“ಬಿಗಿ ಕಟ್ಟೇನಿ, ಹತ್ತದ ಏನ ಮಾಡತೈತಿ. ರೂಢಿ ಆಕ್ಕತಿ.”

ಅಡ್ಡಾದರೆ ಉಸಿರು ಸಾಲುತ್ತಿರಲಿಲ್ಲ. ಕಸ್ತೂರಿ ದಿಂಬುಗಳನ್ನು ಒಟ್ಟಿಕೊಂಡು ಕೂತೇ ತೂಕಡಿಸುತ್ತಿದ್ದಳು. ಕಾಲು ಊದಿದರೆ, ಬಾಣಂತಿಯ ಕಾಲು ಬಾಯುವುದು ಹೊಸದೇನೂ ಅಲ್ಲವಲ್ಲ. ಕೆಮ್ಮಿದರೆ ಥಂಡಿ. ಥಂಡಿಗೆ ಶುಂಠಿ ಹೆಚ್ಚಾಯಿತು, ಹೊರಸಿನ ಕೆಳಗಿನ ಬುಟ್ಟಿಗೆ ಕೆಂಡ ಹೆಚ್ಚಾಯಿತು, ಕಿಟಕಿಗೆ ಇನ್ನೊಂದು ಚಾದರ ಬಂತು. ತಾಯಿ ಮಗಳ ಮೇಲಿನ ಅಕ್ಕರೆಯಿಂದ ಮಾಡುತ್ತಿದ್ದಳು. ಮಗಳು ಕೂಸಿನ ಮೇಲಿನ ಅಕ್ಕರೆಯಿಂದ ತಾಳಿಕೊಳ್ಳುತ್ತಿದ್ದಳು. ಇಬ್ಬರಲ್ಲಿ ಒಬ್ಬರಿಗೂ ಬೇರೆ ಏನೂ ಹೊಳೆಯಲಿಲ್ಲ.

ಕೂಸಿನ ತೂಕ ಇಳಿಯತೊಡಗಿತು. ಫರ್ಹಾನಾ ದಿನಕ್ಕೆರಡು ಸಲ ಫೋನು ಮಾಡಿದಳು. ಹೀಗೇ ಗಾಬರಿ ಬೀಳುತ್ತಿದ್ದರೆ ಕೂಸಿನ ತಲೆಯೊಳಗೆ ರಕ್ತ ಒಸರುವ ಭಯವಿದೆ, ಹುಬ್ಬಳ್ಳಿಗೆ ಬನ್ನಿ, ಇಲ್ಲೇ ಕೂತು ನೋಡೋಣ ಎಂದಳು. ತಿಂಗಳೂ ತುಂಬದ ಹಸಿ ಬಾಣಂತಿ ಗಾಳಿಗೆ ಹೋಗುವಂತಿಲ್ಲ ಎಂದು ಬಸವಣ್ಣೆವ್ವ ಫೋನು ಕಸಿದು ಹೇಳಿದಳು. ಕಸ್ತೂರಿಯೂ ಹೂಂ ಅನ್ನಲಿಲ್ಲ. ಹೋದರೆ ಪಟ್ಟಿ ಬಿಚ್ಚಿಸಿಕೊಳ್ಳುತ್ತಾರೆ ಎಂಬುದು ಅವಳ ಲೆಕ್ಕ. ಇನ್ನಷ್ಟು ದಿನ ತಾಳಿದರೆ ಕೂಸು ತನಗೂ ಹೊಂದಿಕೊಳ್ಳುತ್ತದೆ, ತಾಯಿಗೆ ಹೊಂದದೆ ಎಲ್ಲಿಗೆ ಹೋಗುತ್ತದೆ.

ಒಂದು ಬೆಳಿಗ್ಗೆ ಕೇಂದ್ರದ ವ್ಯಾನು ಬಾಗಿಲಿಗೇ ಬಂದು ನಿಂತಿತು. ಫರ್ಹಾನಾ ತಾನೇ ಇಳಿದು ಒಳಗೆ ಬಂದಳು. ಮೊಬೈಲಿನಲ್ಲಿ ಇಷ್ಟು ದಿನ ಮುಖ ಮಾತ್ರ ನೋಡಿದ್ದ ಆಕೆ ಹೊರಸಿನ ಮೇಲೆ ದಿಂಬಿಗೆ ಒರಗಿದ ಕಸ್ತೂರಿಯನ್ನು ನೋಡಿ ಹೊಸ್ತಿಲಲ್ಲೇ ನಿಂತಳು. ಊದಿದ ಪಾದ, ಮೂರು ಮಾತಿಗೊಂದು ಏದುಸಿರು.

“ಯಾವಾಗಿಂದ ಹಿಂಗ್ರಿ?”

“ಹೊಟ್ಟಿ ಬಿಗಿ ಕಟ್ಯಾರಲ್ರಿ... ಅದಕ್ಕ.”

“ಬಿಚ್ರಿ ಅದನ್ನ.”

ಬಸವಣ್ಣೆವ್ವ ಗೊಣಗುತ್ತ ಸೀರೆ ಬಿಚ್ಚಿದಳು. ಫರ್ಹಾನಾ ದಿಂಬುಗಳನ್ನು ತೆಗೆದಳು. “ಈಗ ಅಡ್ಡ ಆಗ್ರಿ.”

ಕಸ್ತೂರಿ ಮಲಗಿದಳು. ನಾಲ್ಕು ಉಸಿರು ಎಳೆಯುವುದರೊಳಗೆ ಕೆಮ್ಮು ಒತ್ತರಿಸಿ ಬಂದು, ಮುಳುಗುತ್ತಿರುವವಳ ಹಾಗೆ ಎದ್ದು ಕೂತು ತಾಯಿಯ ತೋಳು ಹಿಡಿದಳು. ಬಿಚ್ಚಿದ ಸೀರೆ ನೆಲದ ಮೇಲೆ ಬಿದ್ದಿತ್ತು, ದಮ್ಮು ಮಾತ್ರ ಹಾಗೇ ಇತ್ತು. ಬಸವಣ್ಣೆವ್ವ ಆ ಸೀರೆಯನ್ನೊಮ್ಮೆ, ಮಗಳನ್ನೊಮ್ಮೆ ನೋಡಿದಳು. ಆಮೇಲೆ ಅದನ್ನು ಎತ್ತಿಕೊಂಡು ಮಡಚತೊಡಗಿದಳು. ಮಡಚಿ, ಬಿಚ್ಚಿ, ಮತ್ತೆ ಮಡಚಿದಳು.

ಫರ್ಹಾನಾ ತನ್ನ ಬ್ಯಾಗಿನಿಂದ ಲ್ಯಾಪ್‌ಟಾಪು ತೆಗೆದಳು. ಪರದೆಯ ಮೇಲೆ ಎರಡು ಗೆರೆ ಓಡುತ್ತಿದ್ದವು. ಆಕೆ ಮೇಲಿನ ಗೆರೆಯ ಉದ್ದಕ್ಕೂ ಬೆರಳು ಸರಿಸಿದಳು.

“ಕೆಳಗಿಂದು ಕೂಸಿಂದ್ರಿ. ನಾವು ಹಗಲಾ ರಾತ್ರಿ ಇದನ್ನ ನೋಡಿದ್ವಿ. ಮ್ಯಾಲಿಂದು ನಿಮ್ಮದು. ಅದು ಕೂಸಿಗೆ ಕೇಳಸೋ ಹಾಡು ಅಂತ ಬಿಟ್ಟಿದ್ವಿ. ಒಬ್ರಾದ್ರೂ ಇದನ್ನ ಓದಬೇಕಿತ್ತು.” ಗೆರೆ ಏರುಪೇರಾದ ಕಡೆ ಆಕೆ ಬೆರಳು ನಿಲ್ಲಿಸಿದಳು. “ನಿಮ್ಮ ಎದಿ ಸೋತೈತ್ರಿ. ನಡು ನಡು ಬಡಿತ ತಪ್ಪತೈತಿ. ಒಬ್ಬೊಬ್ರಿಗೆ ಬಸಿರು ಹೃದಯಾನ ಹಿಂಗ ಹಾಳು ಮಾಡತೈತಿ. ಕೂಸು ಅಂಜಿದ್ದು ಅದಕ್ಕ.”

ಕಸ್ತೂರಿ ಉಸಿರು ಕೂಡಿಸಿಕೊಂಡು ಕೇಳಿದಳು. “ಅಂದ್ರ... ಅದಕ್ಕ ನನ್ನ ಗುರ್ತು ಇತ್ತು?”

“ಆರು ತಿಂಗಳು ಕೇಳಿದ್ದು ನಿಮ್ಮ ಎದೀನ ಅಲ್ರಿ. ಗುರ್ತು ಇರೋದಕ್ಕ ಅಷ್ಟು ಅಂಜಿರಬೇಕು.”

ಅಷ್ಟು ದಿನ ಅವಳು ಕೇಳಬೇಕೆಂದಿದ್ದ ಮಾತು ಅದೊಂದೇ. ಕೇಳಿದ ಮೇಲೆ ಅದನ್ನು ಎಲ್ಲಿಟ್ಟುಕೊಳ್ಳಬೇಕೆಂದು ಅವಳಿಗೆ ತಿಳಿಯಲಿಲ್ಲ. ತನ್ನ ಕೂಸು ತನ್ನನ್ನು ಗುರುತಿಸಿತ್ತು. ಆ ಗುರುತಿಸಿದ ಎದೆಯನ್ನೇ ಹಟ ಹಿಡಿದು ದಿನವಿಡೀ ಕೇಳಿಸಿ ಅದನ್ನು ಅಂಜಿಸಿದವಳು ತಾನೇ.

ಹುಬ್ಬಳ್ಳಿಯಲ್ಲಿ ಸ್ಕ್ಯಾನು ಮಾಡಿದರು. ಹೃದಯ ಆಡಬೇಕಾದ ಅರ್ಧದಷ್ಟೂ ಆಡುತ್ತಿಲ್ಲ ಎಂದರು. ಔಷಧಿಯಿಂದ ಕೆಲವರ ಎದೆ ವರ್ಷದೊಳಗೆ ಚೇತರಿಸಿಕೊಳ್ಳುತ್ತದೆ, ಕೆಲವರದು ಇಲ್ಲ, ಯಾರದು ಯಾವುದು ಎಂದು ಈಗಲೇ ಹೇಳಲಾಗದು. ಒಂದು ಮಾತ್ರೆಗೆ ಹಾಲು ಬತ್ತುತ್ತದೆ, ಅದನ್ನು ತಗೊಳ್ಳಲೇಬೇಕು. ಪಟ್ಟಿ ಇನ್ನು ಕಟ್ಟುವಂತಿಲ್ಲ. ಮಹಾಂತೇಶ ಹಾಲಿನ ಡಬ್ಬಿ ಹಿಡಿದು ಓಡಾಡಿದ ದಾರಿಯಲ್ಲೇ ಬರಿಗೈಯಲ್ಲಿ ಓಡಾಡತೊಡಗಿದ. 

ಮಾತ್ರೆ ಶುರುವಾದ ಮರುದಿನ ಕಸ್ತೂರಿ ಗಂಡನ ಮೊಬೈಲು ತಗೊಂಡು ಸವಣೂರಿಗೆ ತಾನೇ ಫೋನು ಮಾಡಿದಳು. “ಅಕ್ಕ, ಬಾ,” ಎಂದಳು. ಅದರ ಮುಂದೆ ಅವಳಿಗೆ ಉಸಿರು ಸಾಲಲಿಲ್ಲ.

ಶಿವಲೀಲಾ ಮಧ್ಯಾಹ್ನದ ಹೊತ್ತಿಗೆ ಬಂದಳು. ಕೇಂದ್ರದ ಮಡಿಲು ಕೋಣೆಗೆ ಕಸ್ತೂರಿಯನ್ನು ಗಾಲಿಕುರ್ಚಿಯಲ್ಲಿ ತಂದಿದ್ದರು. ಸಾಲು ಚೀಲಗಳ ನಡುವೆ ತನ್ನ ಚೀಲದ ಮುಂದೆ ಅವಳು ಕೂತಿದ್ದಳು. ಕೂಸಿನ ಗೆರೆ ದಣಿದು ತೂಗುತ್ತಿತ್ತು. ತಾತ್ಕಾಲಿಕವಾಗಿ ಯಾರದೋ ರೆಕಾರ್ಡು ಹಾಕಿದ್ದರು. ಕೂಸು ಒದೆಯುವುದನ್ನೇ ಬಿಟ್ಟಿತ್ತು.

ಶಿವಲೀಲಾ ಕುರ್ಚಿಯ ಹತ್ತಿರ ಬರಲಿಲ್ಲ. ಬಾಗಿಲ ಬಳಿಯೇ ನಿಂತು ಮಾತಾಡಿದಳು.

“ನೀ ಕರದೀ ಅಂತ ಬಂದಿಲ್ಲ ನಾ. ಕೂಸಿನ ಸಲುವಾಗಿ ಬಂದೀನಿ. ನೀ ಅಂದದ್ದು ಮರತಿಲ್ಲ.”

“ಗೊತ್ತೈತಕ್ಕ.”

“ಇನ್ನೊಂದು ಮಾತು ಹೇಳಿಬಿಡತೀನಿ. ಹೋದ ಸಲ ಬಿಚ್ಚಿಕೊಟ್ಟು ಬಸ್ಸಿನ್ಯಾಗ ಕುಂತಾಗ ಹೊಟ್ಟಿ ಮ್ಯಾಲೆ ಕೈ ಇಟ್ಟುಕೊಂಡೇ ಹೋಗೀನಿ. ಅಲ್ಲೇನೂ ಇರಲಿಲ್ಲ. ಹಿಂಗ ಹೊಟ್ಟಿ ಬರಿದಾಗೋದು ಎಷ್ಟನೇದೋ ನನಗ. ಇನ್ನೊಮ್ಮೆ ತಿರುಗಿ ಕೊಡು ಅಂದ್ರ ನನ್ನ ಕೈಲೆ ಆಗಂಗಿಲ್ಲ, ಕಸ್ತೂರಿ. ಆಮ್ಯಾಲೆ ನಿನಗ ಆರಾಮಾಗಿ ನೀ ಕೇಳಿದ್ರೂ ಆಗಂಗಿಲ್ಲ.”

ಮಹಾಂತೇಶ ಏನೋ ಹೇಳಹೋದ. ಕಸ್ತೂರಿ ಕೈ ಎತ್ತಿ ತಡೆದಳು. ಚೀಲದ ಕಡೆ ನೋಡಿದಳು. ಇಷ್ಟು ಹತ್ತಿರದಿಂದ ಅವಳು ಕೂಸನ್ನು ಕಂಡದ್ದೇ ಕಡಿಮೆ. ಹುಬ್ಬು ಮೂಡಿತ್ತು. ಕಿವಿಯ ತುದಿ ತನ್ನದರ ಹಾಗೇ ಚೂಪಾಗಿತ್ತು. ನಾಳೆ ಅದು ಅವ್ವ ಅಂದಾಗ ಯಾರು ತಿರುಗಿ ನೋಡಬೇಕು ಎಂಬುದನ್ನು ಅವಳು ಈಗಲೇ, ಈ ಕುರ್ಚಿಯಲ್ಲೇ, ಹೇಳಬೇಕಾಗಿತ್ತು. ನೆಗೆಣ್ಣಿಯ ಮೇಲೆ ಸಿಟ್ಟು ಬಂದರೆ ಸುಲಭವಾಗುತ್ತಿತ್ತೇನೋ, ಬರಲಿಲ್ಲ.

“ಕೇಳಂಗಿಲ್ಲಕ್ಕ,” ಎಂದಳು.

“ಕೂಸಿನ ಮುಂದ ಹೇಳಾಕತ್ತೀದಿ.”

“ಹೂಂ. ಕೇಳಂಗಿಲ್ಲ. ಬಾ, ನಾನ ಕಟ್ಟತೀನಿ.”

ಶಿವಲೀಲಾ ಬಂದು ಕುರ್ಚಿಯ ಮುಂದೆ ನಿಂತು ಸೆರಗು ಸರಿಸಿದಳು. ಕಸ್ತೂರಿಯ ಕೈಯಲ್ಲಿ ಶಕ್ತಿಯಿರಲಿಲ್ಲ. ಕೊಕ್ಕೆ ಹಾಕಲು ಎರಡು ಸಲ ತಪ್ಪಿ ಮೂರನೆಯದಕ್ಕೆ ಹಾಕಿದಳು. ಫರ್ಹಾನಾ ರೆಕಾರ್ಡು ನಿಲ್ಲಿಸಿ ಗುಂಡಿ ಒತ್ತಿದಳು. ಕೋಣೆಯ ಸ್ಪೀಕರಿನಲ್ಲಿ ಒಂದು ಗಟ್ಟಿ ಎದೆ ಬಡಿದುಕೊಳ್ಳತೊಡಗಿತು. ಒಂದು ಬಡಿತವೂ ತಪ್ಪದೆ ಅದು ನಡೆಯಿತು. ಚೀಲದೊಳಗೆ ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಕೂಸು ಮೊಣಕಾಲು ಮಡಚಿ, ನಿಧಾನಕ್ಕೆ, ಒಂದು ಸಲ ಒದ್ದಿತು.

ಶಿವಲೀಲಾಳ ಬಾಯಿಂದ ಉಸಿರು ಹೊರಟಿತು. ಇಷ್ಟು ಹೊತ್ತು ಬಿಗಿದುಕೊಂಡಿದ್ದ ಮುಖವೆಲ್ಲ ಸಡಿಲಾಯಿತು. ಸಿಟ್ಟು ಮರೆತು ಆಕೆ ಕಸ್ತೂರಿಯ ಕೈ ಹಿಡಿದೆಳೆದು ತನ್ನ ಹೊಟ್ಟೆಯ ಎಡಬದಿಗೆ, ಪಟ್ಟಿಯ ಮೇಲೆ, ಒತ್ತಿ ಹಿಡಿದಳು.

“ಇಲ್ಲಿ ನೋಡ ತಂಗಿ. ನೋಡ, ಮತ್ತ ಒದೀತು. ಗೊತ್ತಾತ?”

ಪಟ್ಟಿ ಒತ್ತುವುದು ಒಳಗಡೆಗೆ, ಕಟ್ಟಿಕೊಂಡವಳ ಮೈಗೆ ಮಾತ್ರ. ಹೊರಗಿನ ಬದಿಗೆ ಬರೀ ದಪ್ಪ ಬಟ್ಟೆ. ಫರ್ಹಾನಾಳಿಗೆ ಅದು ಗೊತ್ತಿತ್ತು, ಆಕೆ ಟಿ.ವಿ. ಕಡೆ ಮುಖ ತಿರುಗಿಸಿದಳು. ಕಸ್ತೂರಿ ಅಂಗೈಯನ್ನು ಅಗಲ ಮಾಡಿ ಇಟ್ಟುಕೊಂಡು ಕಾದಳು. ಚೀಲದಲ್ಲಿ ಕೂಸು ಇನ್ನೊಂದು ಸಲ ಒದ್ದದ್ದು ಕಣ್ಣಿಗೆ ಕಂಡಿತು. ಕೈಗೆ ಏನೂ ಹತ್ತಲಿಲ್ಲ.

“ಹೂಂನಕ್ಕ,” ಎಂದಳು ಕಸ್ತೂರಿ. “ಗೊತ್ತಾತು.”